ಹಳದಿ ಮೊದಲು, ಕೆಂಪು ಆಮೇಲೆ: ಕೈಯಲ್ಲೇ ಮಾಡೋ ಶರತ್ಕಾಲದ ಕಾರ್ಡ್

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ವಾರ ಅಲ್ಲಿನ ಕ್ಯಾಂಪಸ್‌ಗಳು ಹೆಚ್ಚುಕಮ್ಮಿ ಖಾಲಿ. ರೂಮ್‌ಮೇಟ್‌ಗಳು ಊರಿಗೆ ಹೋಗಿರ್ತಾರೆ, ಸಂಜೆ ಬೇಗ ಕತ್ತಲಾಗುತ್ತೆ, ಚಳಿ ಬೇರೆ. ನಮ್ಮಲ್ಲಿಂದ ಎಂಎಸ್ ಮಾಡೋಕೆ ಹೋದ ಸೀನಿಯರ್‌ಗಳನ್ನ ಕೇಳಿ ನೋಡಿ, ಮೊದಲ ವರ್ಷ ತುಂಬಾ ಒಂಟಿ ಅನಿಸಿದ್ದು ಸೆಮಿಸ್ಟರಿನ ಶುರುವಲ್ಲಲ್ಲ, ಆ ವಾರ ಅಂತಾರೆ. ವಾಟ್ಸಾಪ್‌ನಲ್ಲಿ ನಾವೊಂದು ಸ್ಟಿಕ್ಕರ್ ಹಾಕ್ತೀವಿ, ಅವರೊಂದು ಸ್ಟಿಕ್ಕರ್ ಹಾಕ್ತಾರೆ, ಅಲ್ಲಿಗೆ ಮುಗೀತು. ಅದಕ್ಕೇ ಈ ಸಲ ಸಂಘದಿಂದ ಕಾರ್ಡ್ ಮಾಡಿ ಅಂಚೆಗೆ ಹಾಕೋಣ ಅಂತ ಹೊರಟಿದ್ದೇವೆ. ಅಲ್ಲಿನ ಜನ ಈ ಋತುವಿನಲ್ಲಿ ಒಬ್ಬರಿಗೊಬ್ಬರು ಕಳಿಸೋ ಎಲೆ ಚಿತ್ರದ ಕಾರ್ಡ್ ಇದೆಯಲ್ಲ, ಅದೇ ತರಹದ್ದು. ಅಚ್ಚೊತ್ತಿ, ಕಾಗದದ ಮೇಲೆ ಕಾಗದ ಪೇರಿಸಿ ಮಾಡೋದು.

"ಕ್ರಾಫ್ಟ್ ಎಲ್ಲ ನಮ್ಮ ಕೈಲಾಗಲ್ಲ ಗುರು" ಅನ್ನೋರಿಗೆ ಒಂದು ಮಾತು. ಇದಕ್ಕೆ ಚಿತ್ರ ಬಿಡಿಸೋಕೆ ಬರಬೇಕಾಗಿಲ್ಲ. ಅಳತೆ, ಅನುಕ್ರಮ, ತೂಕ ಈ ಮೂರು ಗೊತ್ತಿದ್ರೆ ಸಾಕು.

ಮೊದಲು ಎಲೆಯಿಂದಲೇ ಶುರು ಮಾಡೋಣ. ಮೇಪಲ್ ಎಲೆ ಹಸಿರಿಂದ ಹಳದಿ ಆಗೋದು ಯಾರೋ ಹಳದಿ ಬಣ್ಣ ಬಳಿದಂತೆ ಅಲ್ಲ. ಕ್ಯಾರೊಟಿನಾಯ್ಡ್ ಅನ್ನೋ ಹಳದಿ ವರ್ಣದ್ರವ್ಯ ಬೇಸಿಗೆ ಪೂರ್ತಿ ಆ ಎಲೆಯಲ್ಲೇ ಇರುತ್ತೆ, ಕ್ಲೋರೋಫಿಲ್‌ನ ಹಸಿರು ಅದನ್ನ ಮುಚ್ಚಿಟ್ಟಿರುತ್ತೆ. ಹಗಲು ಚಿಕ್ಕದಾಗಿ ತಂಪು ಶುರುವಾದಾಗ ಮರ ಕ್ಲೋರೋಫಿಲ್ ಮಾಡೋದನ್ನ ನಿಲ್ಲಿಸುತ್ತೆ, ಇದ್ದದ್ದು ಒಡೆದುಹೋಗುತ್ತೆ, ಅಡಿಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತೆ. ಕೆಂಪಿನ ಕತೆ ಬೇರೆ. ಆಂಥೋಸಯಾನಿನ್ ಅನ್ನೋ ಕೆಂಪು ಬಣ್ಣವನ್ನ ಎಲೆ ಆ ಸಮಯದಲ್ಲಿ ಹೊಸದಾಗಿ, ತನ್ನಲ್ಲಿ ಉಳಿದ ಸಕ್ಕರೆಯಿಂದ ತಯಾರಿಸುತ್ತೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಇದ್ದ ವರ್ಷ ಕೆಂಪು ಜೋರು. ಕೊನೆಗೆ ಉಳಿಯೋದು ಟ್ಯಾನಿನ್‌ನ ಕಂದು. ನಮ್ಮ ಕಡೆ ಇದನ್ನ ನೋಡಬೇಕಂದ್ರೆ ಚಳಿಗಾಲದಲ್ಲಿ ಬಾದಾಮಿ ಮರದ ಕೆಳಗೆ ನಿಂತ್ಕೊಳ್ಳಿ. ಒಂದೇ ಎಲೆಯಲ್ಲಿ ಹಳದಿ, ಕಿತ್ತಳೆ, ಕಡುಗೆಂಪು ಮೂರೂ ಸಿಗುತ್ತೆ.

ಕಾರ್ಡಿನ ಮೇಲೆ ಬಣ್ಣ ಒತ್ತೋ ಅನುಕ್ರಮವೂ ಇದೇ. ಅಡಿಗೆ ಹಳದಿ, ಅದರ ಮೇಲೆ ಕಿತ್ತಳೆ ಇಲ್ಲವೇ ಕೆಂಪು, ಕೊನೆಗೆ ನರಗಳಿಗೆ ಕಂದು. ಉಲ್ಟಾ ಮಾಡಿದ್ರೆ ಎರಡು ತೊಂದರೆ. ಕೆಂಪಿನ ಮೇಲೆ ಹಳದಿ ಅಚ್ಚು ಒತ್ತಿದರೆ ಅಚ್ಚು ಕೆಂಪನ್ನ ಎತ್ತಿಕೊಂಡು ಬಂದು ನಿಮ್ಮ ಹಳದಿ ಪ್ಯಾಡನ್ನ ಶಾಶ್ವತವಾಗಿ ಹಾಳು ಮಾಡುತ್ತೆ. ಇನ್ನೊಂದು, ತಿಳಿ ಬಣ್ಣದ ಅಂಚು ಅರ್ಧ ಮಿಲಿಮೀಟರ್ ಆಚೀಚೆ ಆದ್ರೆ ಮೇಲಿನ ಗಾಢ ಬಣ್ಣ ಅದನ್ನ ನುಂಗಿಕೊಳ್ಳುತ್ತೆ. ಗಾಢ ಬಣ್ಣ ಮೊದಲು ತಪ್ಪಿದ್ರೆ ಮುಚ್ಚೋಕೆ ಏನೂ ಉಳಿಯಲ್ಲ.

ಅಚ್ಚು ಎಲ್ಲಿಂದ? ಕ್ರಾಫ್ಟ್ ಅಂಗಡಿಗಳಲ್ಲಿ ಒಂದೇ ಎಲೆಗೆ ಮೂರು ಪದರದ ರಬ್ಬರ್ ಅಚ್ಚಿನ ಸೆಟ್ ಸಿಗುತ್ತೆ, ದುಡ್ಡಿದ್ದವರು ತಗೊಳ್ಳಿ. ಉಳಿದವರಿಗೆ ಪೆನ್ಸಿಲ್ ಅಳಿಸೋ ದೊಡ್ಡ ರಬ್ಬರೇ ಸಾಕು. ಎಲೆಯ ಆಕಾರವನ್ನ ಬಟರ್ ಪೇಪರ್ ಮೇಲೆ ಪೆನ್ಸಿಲಿನಿಂದ ಗಾಢವಾಗಿ ಬರೆದು, ಅದನ್ನ ರಬ್ಬರಿನ ಮೇಲೆ ಕವುಚಿ ಹಾಕಿ ಉಗುರಿಂದ ಉಜ್ಜಿ. ಗೆರೆ ರಬ್ಬರಿಗೆ ತಿರುಗುಮುರುಗಾಗಿ ಇಳಿಯುತ್ತೆ, ಒತ್ತಿದಾಗ ಮತ್ತೆ ನೇರವಾಗುತ್ತೆ. ಎಲೆಗೆ ಇದು ಅಷ್ಟೊಂದು ಮುಖ್ಯ ಅಲ್ಲ, ಆದರೆ "ಅ" ಅಕ್ಷರದ ಅಚ್ಚು ಮಾಡೋರಿಗೆ ಮುಖ್ಯ. ಕಟರ್‌ನಿಂದ ಕೊರೆಯುವಾಗ ಅಲಗನ್ನ ಗೆರೆಯಿಂದ ಹೊರಗಡೆಗೆ ಇಳಿಜಾರಾಗಿ ಹಿಡೀರಿ. ಉಳಿಯೋ ಗೋಡೆ ಬುಡದಲ್ಲಿ ಅಗಲ, ಮೇಲೆ ಕಿರಿದು ಇರಬೇಕು, ನಮ್ಮ ಅಣೆಕಟ್ಟಿನ ಅಡ್ಡಸೀಳಿನ ತರಹ. ಒಳಗಡೆಗೆ ಕೊರೆದರೆ ಗೋಡೆಗೆ ಆಧಾರ ಇಲ್ಲದೆ ನಾಲ್ಕನೇ ಸಲಕ್ಕೇ ಹರಿದುಹೋಗುತ್ತೆ.

ಎರಡು ರಬ್ಬರ್ ಸಾಕು. ಒಂದರಲ್ಲಿ ಎಲೆಯ ತುಂಬಿದ ಆಕಾರ, ಇನ್ನೊಂದರಲ್ಲಿ ಬರೀ ನರಗಳು. ಹಳದಿ, ಕೆಂಪು ಎರಡಕ್ಕೂ ಮೊದಲನೆಯದೇ. ಕೆಂಪು ಹಚ್ಚುವಾಗ ಅಂಚಿಗೆ ಮಾತ್ರ ಹಚ್ಚಿ, ನಡುವೆ ಹಳದಿ ಬಿಡಿ.

ನಮ್ಮ ಸ್ಟೇಷನರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಆಫೀಸ್ ಸೀಲಿನ ನೀಲಿ, ನೇರಳೆ, ಕೆಂಪು ಪ್ಯಾಡ್. ಹಳದಿ, ಕಿತ್ತಳೆ ಬೇಕಂದ್ರೆ ಆನ್‌ಲೈನ್‌ನಲ್ಲಿ ತರಿಸಬೇಕು. ಆದರೆ ಸ್ಕೆಚ್ ಪೆನ್ನಿನಿಂದ ನೇರವಾಗಿ ಅಚ್ಚಿನ ಮೇಲೇ ಬಣ್ಣ ಹಚ್ಚಬಹುದು. ನೀರಿನ ಬಣ್ಣದ್ದೇ ಆಗಬೇಕು, ಪರ್ಮನೆಂಟ್ ಮಾರ್ಕರ್ ಅಲ್ಲ. ಹಚ್ಚೋಷ್ಟರಲ್ಲಿ ಅದು ಒಣಗುತ್ತೆ, ಚಿಂತೆ ಬೇಡ. ಒತ್ತೋ ಮುಂಚೆ ಕನ್ನಡಕ ಒರೆಸುವಾಗ ಮಾಡ್ತೀರಲ್ಲ, ಹಾಗೆ ಬಾಯಿಂದ "ಹಾ" ಅಂತ ಉಸಿರು ಬಿಡಿ, ಆ ತೇವಕ್ಕೆ ಬಣ್ಣ ಮತ್ತೆ ಏಳುತ್ತೆ. ನನ್ನ ಮಟ್ಟಿಗೆ ಪ್ಯಾಡಿಗಿಂತ ಇದೇ ವಾಸಿ, ಒಂದೇ ಎಲೆಯ ತುದಿಗೆ ಕೆಂಪು, ಬುಡಕ್ಕೆ ಕಿತ್ತಳೆ ಹಚ್ಚೋದು ಪ್ಯಾಡಿನಲ್ಲಿ ಕಷ್ಟ.

ಪ್ಯಾಡ್ ತರಿಸೋರು ಒಂದು ವ್ಯತ್ಯಾಸ ತಿಳ್ಕೊಳ್ಳಿ. ಡೈ ಇಂಕ್ ಕಾಗದದ ನಾರಿನೊಳಗೆ ಇಂಗುತ್ತೆ, ಬೇಗ ಒಣಗುತ್ತೆ, ಪಾರದರ್ಶಕವಾಗಿರುತ್ತೆ. ಹಾಗಾಗಿ ಹಳದಿಯ ಮೇಲಿನ ಕೆಂಪು ಒಳಗಿಂದ ಹೊಳೆದಂತೆ ಕಾಣುತ್ತೆ. ಪಿಗ್ಮೆಂಟ್ ಇಂಕ್ ಮೇಲೇ ಕೂತಿರುತ್ತೆ, ನಿಧಾನಕ್ಕೆ ಒಣಗುತ್ತೆ, ಕೆಳಗಿನದನ್ನ ಮುಚ್ಚುತ್ತೆ. ಎಲೆಗೆ ಡೈ, ಕಪ್ಪು ಕಾಗದದ ಮೇಲೆ ಬಂಗಾರದ ಅಕ್ಷರ ಬೇಕಂದ್ರೆ ಪಿಗ್ಮೆಂಟ್. ಹಸಿ ಪಿಗ್ಮೆಂಟ್ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ ಕರಗಿಸಿದ್ರೆ ಅಕ್ಷರ ಉಬ್ಬಿ ಬರುತ್ತೆ ನಿಜ, ಆದರೆ ಅದಕ್ಕೆ ಹೀಟ್ ಗನ್ ಬೇಕು. ಹಾಸ್ಟೆಲಿನ ಹೇರ್ ಡ್ರೈಯರ್ ಪುಡಿಯನ್ನ ಕರಗಿಸೋ ಬದಲು ರೂಮ್ ತುಂಬಾ ಹಾರಿಸುತ್ತೆ.

ಮೂರು ಸಲ ಒಂದೇ ಜಾಗಕ್ಕೆ ಒತ್ತೋದು ಹೇಗೆ? ಜಿಗ್ ಮಾಡಿ. ರಟ್ಟಿನ ಎರಡು ಪಟ್ಟಿಗಳನ್ನ ಲಂಬಕೋನದಲ್ಲಿ ಇನ್ನೊಂದು ರಟ್ಟಿಗೆ ಅಂಟಿಸಿ, ಕಾಗದದ ಮೂಲೆ ಯಾವಾಗಲೂ ಅಲ್ಲೇ ತಾಗಬೇಕು. ಎರಡೂ ರಬ್ಬರನ್ನ ಒಂದೇ ಅಳತೆಗೆ ಕತ್ತರಿಸಿ, ಅವಕ್ಕೂ ಅದೇ ತರಹ ಒಂದು ಮೂಲೆ ಮಾಡ್ಕೊಳ್ಳಿ. ವರ್ಕ್‌ಶಾಪ್‌ನಲ್ಲಿ ಕಲಿತದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ.

ಒಂದು ಎಲೆ ಇನ್ನೊಂದರ ಹಿಂದೆ ಇದ್ದಂತೆ ಕಾಣಬೇಕಂದ್ರೆ, ಸ್ಟಿಕಿ ನೋಟಿನ ಅಂಟಿರೋ ಭಾಗದ ಮೇಲೆ ಅದೇ ಎಲೆ ಒತ್ತಿ ಕತ್ತರಿಸಿ, ಮೊದಲ ಎಲೆಯ ಮೇಲೆ ಮುಚ್ಚಿಡಿ. ಎರಡನೆಯದನ್ನ ಅರ್ಧ ಅದರ ಮೇಲೆ ಬರುವಂತೆ ಒತ್ತಿ, ಚೀಟಿ ತೆಗೀರಿ. ಕಾಗದ ಒಂದೇ ಪದರ, ಆಳ ಎರಡು ಪದರದ್ದು.

ಈಗ ಕಾಗದ. ಯೂಟ್ಯೂಬಿನ ವಿಡಿಯೊಗಳಲ್ಲಿ ಅಳತೆಯೆಲ್ಲ ಅಮೆರಿಕದ್ದು: ಎಂಟೂವರೆ ಇಂಚು, ಹನ್ನೊಂದು ಇಂಚಿನ ಹಾಳೆ. ನಮ್ಮ ಎ4ಗೆ ಅದು ಹೊಂದಲ್ಲ, ಅವರ ಲೆಕ್ಕದಲ್ಲಿ ಪದರ ಕತ್ತರಿಸಿದ್ರೆ ಅಂಚು ಒಂದೇ ಸಮ ಬರಲ್ಲ. ನಮ್ಮದೇ ಸುಲಭ. ಎ4 ಹಾಳೆಯನ್ನ ಅಡ್ಡಕ್ಕೆ ಅರ್ಧ ಮಾಡಿದ್ರೆ ಎ5, ಅದನ್ನ ಮಡಚಿದ್ರೆ ಎ6, ಅಂದರೆ 105 ಗುಣಿಸು 148 ಮಿಮೀ ಕಾರ್ಡ್. ಸಿ6 ಕವರ್ ಇದಕ್ಕಂತಲೇ ಇರೋದು. ಸುತ್ತ 3 ಮಿಮೀ ಬಿಟ್ಟು ಮೊದಲ ಪದರ 99 ಗುಣಿಸು 142, ಅದರ ಮೇಲಿನದು 93 ಗುಣಿಸು 136. ಮೊದಲನೆಯದು ಕಂದು ಅಥವಾ ಕಡುಗೆಂಪು, ಮೇಲಿನದು ಬಿಳಿ. ಅಚ್ಚು ಒತ್ತೋದು ಈ ಬಿಳಿಯ ಮೇಲೆ. ಕೆಟ್ಟರೆ ಆ ಒಂದು ತುಂಡು ಮಾತ್ರ ಹೋಗುತ್ತೆ, ಇಡೀ ಕಾರ್ಡಲ್ಲ. ಪದರ ಮಾಡೋದರ ನಿಜವಾದ ಲಾಭ ಇದೇ ಅಂತ ನನಗನಿಸುತ್ತೆ, ಅಂದ ಆಮೇಲೆ.

ಮಡಿಕೆಯಲ್ಲಿ ಒಂದು ಸೂಕ್ಷ್ಮ ಇದೆ. ಕಾರ್ಖಾನೆಯಲ್ಲಿ ಕಾಗದ ಓಡೋ ದಿಕ್ಕಿಗೇ ಅದರ ನಾರು ಮಲಗಿರುತ್ತೆ. ನಾರಿನ ಉದ್ದಕ್ಕೆ ಮಡಚಿದ್ರೆ ಗೆರೆ ನೀಟು, ಅಡ್ಡಕ್ಕೆ ಮಡಚಿದ್ರೆ ಬಿರುಕು. ಹಾಳೆಯನ್ನ ಎರಡೂ ಕಡೆಯಿಂದ ಮೆತ್ತಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗೋ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕಿರುತ್ತೆ, ಹಾಗಾಗಿ ಮೇಲೆ ಹೇಳಿದಂತೆ ಮಾಡಿದ್ರೆ ಮಡಿಕೆ ತಾನಾಗೇ ಸರಿಯಾದ ದಿಕ್ಕಿಗೆ ಬರುತ್ತೆ. ಕ್ಯಾಲೆಂಡರ್ ತರಹ ಮೇಲಕ್ಕೆ ತೆರೆಯೋ ಕಾರ್ಡ್ ಬೇಕು ಅಂತ ಎ4ನ್ನ ಉದ್ದಕ್ಕೆ ಸೀಳಿದ್ರೆ ಮಡಿಕೆ ನಾರಿಗೆ ಅಡ್ಡ. ಯಾವುದೇ ಆಗಲಿ, ಮಡಚೋ ಮುಂಚೆ ಖಾಲಿಯಾದ ಬಾಲ್ ಪೆನ್ನು, ಸ್ಟೀಲ್ ಸ್ಕೇಲ್ ಹಿಡಿದು ಗೆರೆ ಒತ್ತಿ. ಗೆರೆಯ ಹಿಂಬದಿ ಒಂದು ಉಬ್ಬು ಏಳುತ್ತೆ. ಮಡಚಿದಾಗ ಆ ಉಬ್ಬು ಕಾರ್ಡಿನ ಒಳಗಡೆ ಬರಬೇಕು, ಹೊರಗಡೆ ಅಲ್ಲ.

ದೊಡ್ಡ ಪದರಗಳಿಗೆ ಫೆವಿಕಾಲ್ ಬೇಡ. ಅದರಲ್ಲಿ ನೀರಿದೆ, ನಾರು ಅಗಲಕ್ಕೆ ಉಬ್ಬಿ ಕಾರ್ಡ್ ಹಪ್ಪಳ ಆಗುತ್ತೆ. ಡಬಲ್ ಸೈಡ್ ಟೇಪ್ ಬಳಸಿ. ಕೊನೆಗೆ, ಬೇರೆ ಕಾಗದದ ಮೇಲೆ ಒತ್ತಿ ಕತ್ತರಿಸಿಟ್ಟ ಒಂದೋ ಎರಡೋ ಎಲೆಯನ್ನ ಫೋಮ್ ಟೇಪಿನ ಚೂರಿನ ಮೇಲೆ ಕೂರಿಸಿ. ಅಷ್ಟೆತ್ತರಕ್ಕೇ ಎಲೆಯ ನೆರಳು ಬಿಳಿ ಕಾಗದದ ಮೇಲೆ ಬೀಳುತ್ತೆ, ಈಗಷ್ಟೇ ಉದುರಿ ಬಿದ್ದಂತೆ. ಎಲ್ಲ ಎಲೆಗೂ ಫೋಮ್ ಹಾಕಿದ್ರೆ ಈ ಮಜಾ ಇಲ್ಲ, ಚಪ್ಪಟೆ ಎಲೆಗಳ ಪಕ್ಕದಲ್ಲಿದ್ರೇನೇ ಎತ್ತರ ಕಾಣೋದು.

ಈಗ ತೂಕ. ವಿದೇಶದ ಪತ್ರದ ದರದಲ್ಲಿ ಮೊದಲ ಹಂತ 20 ಗ್ರಾಂ. 300 ಜಿಎಸ್‌ಎಂ ಎ5 ತುಂಡು 9.3 ಗ್ರಾಂ, 180 ಜಿಎಸ್‌ಎಂನ ಎರಡು ಪದರ 2.5 ಮತ್ತು 2.3, ಎಲೆ, ಟೇಪ್ ಒಂದೂವರೆ, ಕವರ್ ಸುಮಾರು 4. ಒಟ್ಟು 19.6. ಒಂದು ಚೀಟಿ ಒಳಗಿಟ್ರೆ ಮುಗೀತು, ಮುಂದಿನ ಹಂತ. ಪರಿಹಾರ ಇದೆ. ಮಧ್ಯದ ಬಣ್ಣದ ಪದರದಲ್ಲಿ ಕಾಣೋದು 3 ಮಿಮೀ ಅಂಚು ಮಾತ್ರ, ಉಳಿದದ್ದು ಬಿಳಿಯ ಹಿಂದೆ ಅಡಗಿರುತ್ತೆ. ಸುತ್ತ 10 ಮಿಮೀ ಬಿಟ್ಟು ನಡುವಿನ ತುಂಡು ಕತ್ತರಿಸಿ ತೆಗೀರಿ, ಸುಮಾರು 1.7 ಗ್ರಾಂ ಉಳೀತು. ಮುಂದಿನ ಕಾರ್ಡಿನ ಎಲೆಗಳನ್ನ ಆ ತುಂಡಿನಿಂದಲೇ ಕತ್ತರಿಸಬಹುದು. ಬುಡದ ಹಾಳೆ 250 ಜಿಎಸ್‌ಎಂ ಮಾಡಿದ್ರೆ ಇನ್ನೂ ಒಂದೂವರೆ ಗ್ರಾಂ.

ಬಾದಾಮಿ ಎಲೆ ಚೆನ್ನಾಗಿದೆ ಅಂತ ನಿಜವಾದ ಎಲೆಯನ್ನೇ ಅಂಟಿಸಿ ಕಳಿಸ್ಬೇಡಿ. ಸಸ್ಯದ ಭಾಗಗಳಿಗೆ ಅಮೆರಿಕದ ಗಡಿಯಲ್ಲಿ ನಿರ್ಬಂಧ ಇದೆ. ಎಲೆಯ ಹಿಂಬದಿಗೆ ಬಣ್ಣ ಹಚ್ಚಿ ಅದನ್ನೇ ಅಚ್ಚಾಗಿ ಬಳಸಿ, ನರಗಳು ಚೆನ್ನಾಗಿ ಮೂಡುತ್ತವೆ.

ಒಳಗೆ ಏನು ಬರೀಬೇಕು ಅನ್ನೋದು ಅಚ್ಚಿಗಿಂತ ಕಷ್ಟ. "ಶುಭ ಶರತ್ಕಾಲ" ಅಂತ ಕನ್ನಡದಲ್ಲಿ ಯಾರೂ ಹೇಳಲ್ಲ. ನಮ್ಮ ಶರದೃತುವಿನಲ್ಲಿ ಎಲೆ ಕೊಟ್ಟು ಹಾರೈಸೋದು ಅಂದ್ರೆ ವಿಜಯದಶಮಿಯ ಬನ್ನಿ. ಉತ್ತರ ಕರ್ನಾಟಕದವರು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತಾರಲ್ಲ, ಆ ಮಾತನ್ನೇ ಬರೀರಿ, ಬೇಕಾದ್ರೆ ಬಂಗಾರದ ಇಂಕಿನಲ್ಲಿ ಬನ್ನಿಯ ಒಂದು ಚಿಕ್ಕ ಎಲೆಸಾಲು ಒತ್ತಿ. ಮೇಪಲ್ ನೋಡ್ತಾ ಕೂತವರಿಗೆ ಅದು ಅರ್ಥ ಆಗುತ್ತೆ. ಅದರ ಕೆಳಗೆ ಹೊಸ ಸುದ್ದಿ ನಾಲ್ಕು ಸಾಲು ಇರಲಿ: ಕ್ಯಾಂಟೀನಿನಲ್ಲಿ ಏನು ಬದಲಾಯ್ತು, ಅವರು ಅರ್ಧಕ್ಕೆ ಬಿಟ್ಟುಹೋದ ಪ್ರಾಜೆಕ್ಟನ್ನ ಈಗ ಯಾರು ಎಳೀತಿದ್ದಾರೆ.

ನವೆಂಬರ್ ಕೊನೆಗೆ ತಲುಪಬೇಕಂದ್ರೆ ಅಕ್ಟೋಬರ್ ಮುಗಿಯೋದ್ರೊಳಗೆ ಹಾಕಿಬಿಡಿ. ಡಬ್ಬಿಗೆ ಹಾಕ್ಬೇಡಿ, ಅಂಚೆ ಕಚೇರಿಯ ಕೌಂಟರಿಗೇ ಹೋಗಿ ತೂಕ ಮಾಡಿಸಿ. ಫೋಮ್ ಇರೋ ಜಾಗಕ್ಕೆ ಸೀಲು ಜೋರಾಗಿ ಗುದ್ದಬೇಡಿ ಅಂತ ಕೌಂಟರಿನವರಿಗೆ ಒಂದು ಮಾತು ಹೇಳಿ.