ಪುಲ್ಲಂಪಾರದ ಪಾಠ

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪುಲ್ಲಂಪಾರವೆಂಬ ಗ್ರಾಮ ಪಂಚಾಯತಿಯೊಂದುಂಟು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುತ್ತಿದ್ದ ಅಲ್ಲಿಯ ಸ್ತ್ರೀಯರು, ತಮ್ಮ ಕೂಲಿಯು ಖಾತೆಗೆ ಜಮೆಯಾಯಿತೋ ಇಲ್ಲವೋ ಎಂಬ ಒಂದೇ ಸಂಗತಿಯನ್ನು ತಿಳಿಯುವ ಸಲುವಾಗಿ, ದುಡಿಮೆಯ ಹೊತ್ತನ್ನು ಕಳೆದುಕೊಂಡು ಬ್ಯಾಂಕಿನಲ್ಲಿ ಕಾಯಬೇಕಾಗುತ್ತಿದ್ದಿತು. ಫೋನಿನಲ್ಲಿಯೇ ಕ್ಷಣಮಾತ್ರದಲ್ಲಿ ತಿಳಿಯಬಹುದಾದ ವಿಷಯವದು. ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರು ಮಾತ್ರ ಇರಲಿಲ್ಲ. ಈ ಕ್ಲೇಶವನ್ನು ಮನಗಂಡ ಪಂಚಾಯತಿಯವರು, ಮನೆಮನೆಯ ಸಮೀಕ್ಷೆಯನ್ನು ಮಾಡಿಸಿ, ಊರಿನ ವಿದ್ಯಾರ್ಥಿಗಳನ್ನೂ ಕುಟುಂಬಶ್ರೀ ಎಂಬ ಸ್ತ್ರೀಯರ ಸ್ವಸಹಾಯ ಸಂಘದವರನ್ನೂ ಬೋಧಕರನ್ನಾಗಿ ಸಜ್ಜುಗೊಳಿಸಿ, ಜನರನ್ನು ತರಗತಿಗೆ ಕರೆಯುವುದಕ್ಕೆ ಬದಲಾಗಿ ತರಗತಿಯನ್ನೇ ಜನರಿರುವೆಡೆಗೆ ಕೊಂಡೊಯ್ದರು. ಕೆಲಸದ ನಡುವಣ ವಿರಾಮದಲ್ಲಿ, ಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಪಾಠ ನಡೆದು, 2022ರಲ್ಲಿ ಪುಲ್ಲಂಪಾರವು ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯತಿಯೆನಿಸಿತು. ಅದೇ ಮಾದರಿಯಲ್ಲಿ 21 ಲಕ್ಷಕ್ಕೂ ಮಿಕ್ಕ ಜನರಿಗೆ ಕಲಿಸಿದ ಕೇರಳವು 2025ರ ಆಗಸ್ಟ್ 21ರಂದು ಇಡೀ ರಾಜ್ಯಕ್ಕೇ ಆ ಹೆಸರನ್ನು ಪಡೆಯಿತು. ಘೋಷಣೆಗಿಂತಲೂ ನನ್ನ ಮನಸ್ಸನ್ನು ಸೆಳೆದುದು, ವಿರಾಮದ ಹೊತ್ತಿನ ಆ ಪಾಠ.

ಅಂತರ್ಜಾಲದ ಅಭಾವವನ್ನು ನಾವು ಬಹುಕಾಲ ಬೆಲೆಯ ಪ್ರಶ್ನೆಯೆಂದೇ ಎಣಿಸಿದ್ದೆವು. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ 250 ರೂಪಾಯಿಗೂ ಮಿಕ್ಕಿದ್ದ ದರವು, 2016ರಲ್ಲಿ ಜಿಯೋ ಬಂದ ತರುವಾಯದ ಪೈಪೋಟಿಯಿಂದ, 10 ರೂಪಾಯಿಯ ಆಸುಪಾಸಿಗೆ ಇಳಿದುದು ಸಾಮಾನ್ಯ ಸಂಗತಿಯಲ್ಲ. 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯು ಗ್ರಾಮ ಪಂಚಾಯತಿಗಳ ಕಡೆಗೆ ಫೈಬರ್ ಕೇಬಲನ್ನೂ ಎಳೆಯಿತು. ಆದರೆ ಬಡವರ ಲೆಕ್ಕವೇ ಬೇರೆ. ಕರೆನ್ಸಿ ಹಾಕಿಸುವ ದಿನ ಒಟ್ಟಿಗೆ ಎಣಿಸಿಕೊಡಬೇಕಾದ ಮೊತ್ತವೇ ಅವರಿಗೆ ದೊಡ್ಡದು. 28 ದಿನದ ಪ್ಯಾಕಾದರೆ ವರ್ಷಕ್ಕೆ 13 ಬಾರಿ ತೆರಬೇಕು. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದಲ್ಲಿ ಅದು ಗಂಡನ ಅಥವಾ ಮಗನ ಜೇಬಿನಲ್ಲಿರುವುದೇ ಹೆಚ್ಚು. ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ ಪುರುಷರು ನೂರಕ್ಕೆ 57 ಮಂದಿ, ಸ್ತ್ರೀಯರು 33, ಗ್ರಾಮೀಣ ಸ್ತ್ರೀಯರು ಕೇವಲ 25 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸಿತು.

ಇತ್ತ ಸರ್ಕಾರದ ಕೆಲಸವೆಲ್ಲ ಆ ಜಾಲದೊಳಕ್ಕೇ ಸೇರಿಹೋಗುತ್ತಿದೆ. 2023ರ ಜನವರಿ 1ರಿಂದ ಖಾತ್ರಿ ಕೆಲಸದ ಹಾಜರಿಯನ್ನೂ ದಿನಕ್ಕೆರಡು ಬಾರಿ ಮೊಬೈಲ್ ಆ್ಯಪಿನಲ್ಲಿ ಫೋಟೋ ತೆಗೆದು ಕಳುಹಿಸಬೇಕೆಂಬ ನಿಯಮವಾಯಿತು. ನೆಟ್‌ವರ್ಕ್ ಇಲ್ಲದ ಮಲೆನಾಡಿನ ಮೂಲೆಯಲ್ಲಿ ಅದರಿಂದ ಒದಗುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಯಾವುದಾದರೊಂದು ಸೇವಾಕೇಂದ್ರದಲ್ಲಿ ಕೊಂಚ ಹೊತ್ತು ನಿಂತು ನೋಡಿರಿ. ಕೀಪ್ಯಾಡ್ ಫೋನನ್ನು ಮೇಜಿನಾಚೆಗೆ ಚಾಚಿ, “ಒಟಿಪಿ ಬಂದೈತೇನು ನೋಡಪ್ಪಾ” ಎನ್ನುವ ಮುದುಕಿ, ಕಲ್ಲುಮಣ್ಣು ಹೊತ್ತು ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರವು ಹಿಡಿಯದಾಗ, ಅದನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾಳೆ. ಎದುರಿಗಿರುವ ಹುಡುಗ ಸಜ್ಜನನಾಗಿದ್ದರೆ ಅವಳ ಪಿಂಚಣಿ ಕೈಸೇರುತ್ತದೆ. ತನ್ನ ಹಣದ ಬೀಗದ ಕೈಯನ್ನು ಅಪರಿಚಿತರ ಕೈಗೆ ಕೊಟ್ಟು, ಅವರ ಸೌಜನ್ಯವನ್ನೇ ನೆಚ್ಚಿ ಬಾಳಬೇಕಾದ ಈ ಪರಾಧೀನತೆಯು ಅವಳ ಮಾನಕ್ಕೆ ತಕ್ಕುದಲ್ಲವೆಂದು ನಾನು ದೃಢವಾಗಿ ನಂಬಿರುವೆನು.

ಕಲಿಸುವುದಕ್ಕೆ ನಮ್ಮಲ್ಲಿ ಸ್ಥಳದ ಕೊರತೆಯಿಲ್ಲ. ಕರ್ನಾಟಕದ 5,000ಕ್ಕೂ ಹೆಚ್ಚಿನ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿವೆ, ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಉಚಿತ ಸದಸ್ಯರಾದರು. ಆ ಮಕ್ಕಳ ತಾಯಂದಿರು ಹಗಲು ಅಲ್ಲಿಗೆ ಬರಲಾರರಾದುದರಿಂದ, ಗ್ರಂಥಾಲಯದ ಮೇಲ್ವಿಚಾರಕರಿಗೆ ತಕ್ಕ ತರಬೇತಿಯನ್ನೂ ಸಂಭಾವನೆಯನ್ನೂ ಕೊಟ್ಟು, ಸ್ತ್ರೀಶಕ್ತಿ ಸಂಘದ ಸಭೆಗೆ ಅವರನ್ನೇ ಕಳುಹಿಸಬಹುದು. ಮೊದಲಿಗೆ ಕಲಿಸತಕ್ಕದ್ದು ಹೆಚ್ಚೇನಲ್ಲ: ಖಾತೆಯ ಬಾಕಿಯನ್ನು ನೋಡುವುದು, ಪಹಣಿಯನ್ನು ತೆಗೆಯುವುದು, ಒಟಿಪಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳದಿರುವುದು. ಇವಿಷ್ಟನ್ನೂ ಅವರವರ ಸ್ವಂತ ಫೋನಿನಲ್ಲಿ, ಅವರ ಬೆರಳಿನಿಂದಲೇ ಮಾಡಿಸಬೇಕು. ಕಲಿಸುವವನು ಅವಸರಪಟ್ಟು ಫೋನನ್ನು ತನ್ನ ಕೈಗೆ ತೆಗೆದುಕೊಂಡನೆಂದರೆ ಪಾಠವು ಅಲ್ಲಿಗೇ ಮುಗಿಯಿತು. ಇಷ್ಟೆಲ್ಲ ಕಲಿತ ಮೇಲೂ ಕೂಲಿ ಜಮೆಯಾದ ಸಂದೇಶವು ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದರೆ ಆ ತಾಯಿಯು ಪುನಃ ಮತ್ತೊಬ್ಬರ ಮುಖವನ್ನು ನೋಡಬೇಕಾದೀತು. ಆ ಒಂದು ಸಾಲನ್ನು ಕನ್ನಡದಲ್ಲಿ ಕಳುಹಿಸಿರೆಂದು ಪ್ರತಿಯೊಂದು ಪಂಚಾಯತಿಯೂ ತನ್ನ ಊರಿನ ಬ್ಯಾಂಕಿಗೆ ಬರೆದು ಕೇಳತಕ್ಕದ್ದು.