ಸ್ಲಾವರ ನಗೆಯೂ ನಮ್ಮ ‘ಸ್ಮಿತ’ವೂ

ನಗೆಗೆ ರಷ್ಯನ್ ಭಾಷೆಯಲ್ಲಿ ‘ಸ್ಮೆಖ್’, ಜೆಕ್‌ನಲ್ಲಿ ‘ಸ್ಮೀಖ್’, ಬಲ್ಗೇರಿಯನ್‌ನಲ್ಲಿ ‘ಸ್ಮ್ಯಾಖ್’. ವ್ಯಂಜನಗಳು ಅಲ್ಲಾಡಿಲ್ಲ, ಸ್ವರ ಮಾತ್ರ ಬೇರೆ. ಅದೂ ಮನಸ್ಸಿಗೆ ಬಂದಂತೆ ಬದಲಾದದ್ದಲ್ಲ. ‘ಬಿಳಿಯ’ ಎನ್ನಲು ಇದೇ ಮೂರು ಭಾಷೆಗಳು ‘ಬೆಲಿ’, ‘ಬೀಲೀ’, ‘ಬ್ಯಾಲ್’ ಎನ್ನುತ್ತವೆ. ಅದೇ ಎ, ಈ, ಯಾ. ಇಂಥ ಹೊಂದಿಕೆ ಪದದಿಂದ ಪದಕ್ಕೆ ಮರುಕಳಿಸುವುದರಿಂದಲೇ ಭಾಷಾವಿಜ್ಞಾನಿಗಳು ಈ ಎಲ್ಲ ಭಾಷೆಗಳ ತಾಯಿಯಾದ ಮೂಲ ಸ್ಲಾವಿಕ್‌ನಲ್ಲಿ ‘ಸ್ಮೇಖು’ ಎಂಬಂಥ ರೂಪವಿತ್ತೆಂದು ಧೈರ್ಯದಿಂದ ಹೇಳುತ್ತಾರೆ. ಬರಹವೇ ಇಲ್ಲದ ಭಾಷೆ ಅದು. ಸ್ಲಾವರ ಮಾತಿಗೆ ಲಿಪಿ ದಕ್ಕಿದ್ದು 9ನೇ ಶತಮಾನದಲ್ಲಿ, ಸಿರಿಲ್ ಮತ್ತು ಮೆಥೋಡಿಯಸ್ ಸೋದರರಿಂದ.

ಜೆಕ್ಕರ ‘ಬೀಲೀ’ ನಮ್ಮ ‘ಬಿಳಿ’ಯೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಅಲ್ಲ. ನಮ್ಮ ಬಕಾರದ ಹಿಂದೆ ದ್ರಾವಿಡದ ವಕಾರವಿದೆ. ತಮಿಳಿನ ‘ವೆಳ್ಳೈ’ ಅದಕ್ಕೆ ಸಾಕ್ಷಿ. ಬರೀ ಹೋಲಿಕೆಯನ್ನು ನಂಬಿ ಹೊರಟರೆ ದಾರಿ ತಪ್ಪುವುದು ಇಲ್ಲಿಯೇ. ಕ್ರಮವಾಗಿ ಮರುಕಳಿಸುವ ವ್ಯತ್ಯಾಸ ಹೋಲಿಕೆಗಿಂತ ದೊಡ್ಡ ಪುರಾವೆ.

‘ಸ್ಮೇಖು’ವಿನ ಕೊನೆಯ ‘ಖ’ ಇನ್ನೂ ಹಳೆಯ ಕಥೆ ಹೇಳುತ್ತದೆ. ಅದು ಮೊದಲು ಸಕಾರವಾಗಿತ್ತು ಎಂಬುದು ವಿದ್ವಾಂಸರ ಊಹೆ. ಇ, ಉ, ರ, ಕ ಧ್ವನಿಗಳ ನಂತರ ಬಂದ ಸಕಾರ ಸ್ಲಾವಿಕ್‌ನಲ್ಲಿ ‘ಖ’ದತ್ತ ಹೊರಳಿತೆಂದು ಡೆನ್ಮಾರ್ಕಿನ ಹೋಲ್ಗರ್ ಪೆಡರ್ಸನ್ 1895ರಲ್ಲಿ ನಿರೂಪಿಸಿದರು. ಅವೇ ಧ್ವನಿಗಳ ನೆರೆಯಲ್ಲಿ ಸಂಸ್ಕೃತದ ಸಕಾರ ಷಕಾರವಾಗುತ್ತದೆ. ಸು ಮತ್ತು ಸುಪ್ತಿ ಸೇರಿದರೆ ‘ಸುಷುಪ್ತಿ’. ವಿ ಉಪಸರ್ಗದ ಮುಂದೆ ‘ಸಾದ’ ಬಂದರೆ ‘ವಿಷಾದ’. ಕನ್ನಡಿಗರು ದಿನವೂ ಬಳಸುವ ಈ ಪದಗಳಲ್ಲಿ ಅಷ್ಟು ಪುರಾತನ ನಿಯಮವೊಂದು ಉಸಿರಾಡುತ್ತಿದೆ ಎಂಬುದು ನನಗೆ ಇಂದಿಗೂ ರೋಮಾಂಚನ.

ನಗೆಯ ಈ ಪದಗಳೆಲ್ಲದರ ಬೇರು ಇಂಡೋ-ಯುರೋಪಿಯನ್ ‘ಸ್ಮೆಯ್’, ಅಂದರೆ ನಗು. ಲಾಟ್ವಿಯನ್ನರ ‘ಸ್ಮಿಯೆತ್’, ಇಂಗ್ಲಿಷಿನ ‘ಸ್ಮೈಲ್’, ಸಂಸ್ಕೃತದ ‘ಸ್ಮಿತ’ ಅದರದೇ ಕುಡಿಗಳು. ಈ ನಗೆ ಬೆರಗಿನ ಕಡೆಗೂ ಹರಿದಿದೆ: ಇಲ್ಲಿ ‘ವಿಸ್ಮಯ’, ಅತ್ತ ಲ್ಯಾಟಿನ್‌ನಲ್ಲಿ ‘ಅದ್ಭುತ’ ಎಂಬರ್ಥದ ‘ಮೀರುಸ್’. ಪವಾಡಕ್ಕೆ ಇಂಗ್ಲಿಷಿನವರು ಹೇಳುವ ‘ಮಿರಾಕಲ್’ ಹುಟ್ಟಿದ್ದು ಆ ಪದದಿಂದಲೇ.

ಮುಗುಳ್ನಗೆಗೆ ಪೋಲಿಷರು, ಜೆಕ್ಕರು, ಸರ್ಬಿಯನ್ನರು ಇದೇ ಬೇರಿಗೆ ಉಪಸರ್ಗ ಹಚ್ಚಿ ‘ಉಶ್ಮಿಯೆಖ್’, ‘ಊಸ್ಮೆವ್’, ‘ಓಸ್ಮೆಖ್’ ಎನ್ನುತ್ತಾರೆ. ರಷ್ಯನ್ನರ ‘ಉಲಿಬ್ಕಾ’ ಮಾತ್ರ ಈ ಮನೆತನದ್ದಲ್ಲ. ಅದನ್ನು ಹಣೆ ಎಂಬರ್ಥದ ‘ಲೋಬ್’ ಪದಕ್ಕೆ ಜೋಡಿಸುವ ವಾದವಿದೆ. ಆ ಪದಕ್ಕೆ ಹಿಂದೆ ತಲೆಬುರುಡೆ ಎಂಬ ಅರ್ಥವಿತ್ತು. ಹಾಗಾದರೆ ಬುರುಡೆಯಂತೆ ಹಲ್ಲು ಕಿರಿಯುವುದೇ ಉಲಿಬ್ಕಾದ ಮೊದಲ ಅರ್ಥ.