ಥರ್ಮಾಕೋಲ್ ನೋಡಿ ನಕ್ಕವರಲ್ಲಿ ನಾನೂ ಒಬ್ಬ

2017ರ ಏಪ್ರಿಲ್. ತಮಿಳುನಾಡಿನಲ್ಲಿ ಭೀಕರ ಬರ. ಮದುರೈಗೆ ಕುಡಿಯುವ ನೀರು ಕೊಡುವ ವೈಗೈ ಅಣೆಕಟ್ಟಿನಲ್ಲಿ ಅಳಿದುಳಿದ ನೀರು ಆವಿಯಾಗಬಾರದು ಅಂತ ಅಲ್ಲಿನ ಸಚಿವ ಸೆಲ್ಲೂರು ರಾಜು ಥರ್ಮಾಕೋಲ್ ಹಾಳೆಗಳಿಗೆ ಟೇಪ್ ಅಂಟಿಸಿ ನೀರಿನ ಮೇಲೆ ತೇಲಿಬಿಟ್ಟರು. ಗಾಳಿ ಬೀಸಿತು. ಹಾಳೆಗಳೆಲ್ಲ ವಾಪಸ್ ದಡಕ್ಕೆ ಬಂದವು! ಟಿವಿಯವರಿಗೆ ಹಬ್ಬ. ನಾನೂ ನಕ್ಕಿದ್ದೇ ನಕ್ಕಿದ್ದು.

ಆದ್ರೆ ಇಂಜಿನಿಯರಿಂಗ್ ಓದಿದ ನಾನು ಅವತ್ತು ಒಂದು ಸಣ್ಣ ಲೆಕ್ಕ ಹಾಕಬೇಕಿತ್ತು. ಬೇಸಿಗೆಯಲ್ಲಿ ದಿನಕ್ಕೆ ಬರೀ 5 ಮಿಲಿಮೀಟರ್ ನೀರು ಆವಿಯಾಗುತ್ತೆ ಅಂತಿಟ್ಟುಕೊಳ್ಳಿ. ಒಂದು ಚದರ ಕಿಲೋಮೀಟರ್ ನೀರಿನ ಹರವಿನಿಂದ 50 ಲಕ್ಷ ಲೀಟರ್ ಹೋಯ್ತು. ಅಂದ್ರೆ 10 ಸಾವಿರ ಲೀಟರಿನ 500 ಟ್ಯಾಂಕರ್, ಪ್ರತಿದಿನ! ಸಚಿವರ ಉಪಾಯ ಕೆಟ್ಟಿತ್ತು, ನಿಜ. ಸಮಸ್ಯೆ ಮಾತ್ರ ತಮಾಷೆಯದ್ದಲ್ಲ.

ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಲಾಸ್ ಏಂಜಲೀಸ್‌ನವರು ಒಂದು ಜಲಾಶಯಕ್ಕೆ 9.6 ಕೋಟಿ ಕಪ್ಪು ಪ್ಲಾಸ್ಟಿಕ್ ಚೆಂಡು ಸುರಿದಿದ್ದರು. ಬಿಸಿಲು ಬಿದ್ದಾಗ ನೀರಿನಲ್ಲಿರುವ ಬ್ರೋಮೈಡ್ ಮತ್ತು ಕ್ಲೋರಿನ್ ಸೇರಿ ಬ್ರೋಮೇಟ್ ಅನ್ನೋ ಹಾನಿಕಾರಕ ವಸ್ತು ಹುಟ್ಟುತ್ತೆ. ಅದನ್ನು ತಡೆಯೋದು ಮುಖ್ಯ ಉದ್ದೇಶ, ಆವಿ ಉಳಿತಾಯ ಜೊತೆಗಿನ ಲಾಭ. ಗಾಳಿಗೆ ಹಾರದಿರಲಿ ಅಂತ ಚೆಂಡಿನೊಳಗೆ ನೀರು ತುಂಬಿಸಿದ್ದರು. ವೈಗೈಯಲ್ಲಿ ಮರೆತದ್ದು ಈ ಗಾಳಿಯನ್ನೇ.

ಹಾಗಂತ ಅವರೂ ನೂರಕ್ಕೆ ನೂರು ಗೆಲ್ಲಲಿಲ್ಲ. ಚೆಂಡು ತಯಾರಿಸೋಕೂ ನೀರು ಬೇಕಲ್ಲ? ಬರದ ಅವಧಿಯಲ್ಲಿ ಉಳಿದದ್ದಕ್ಕಿಂತ ತಯಾರಿಕೆಗೆ ಖರ್ಚಾದ ನೀರೇ ಹೆಚ್ಚಿರಬಹುದು ಅಂತ 2018ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು.

ಈಗ ಗುಜರಾತ್ ನೋಡಿ. 2012ರಲ್ಲಿ ಮೆಹ್ಸಾಣ ಜಿಲ್ಲೆಯ ಚಂದ್ರಾಸಣದಲ್ಲಿ ನರ್ಮದಾ ಕಾಲುವೆಯ 750 ಮೀಟರ್ ಉದ್ದಕ್ಕೆ ಸೋಲಾರ್ ಫಲಕಗಳ ಚಪ್ಪರ ಹಾಕಿದರು. 1 ಮೆಗಾವಾಟ್ ಘಟಕ. ಕೆಳಗಿನ ನೀರಿಗೆ ನೆರಳು, ಫಲಕಕ್ಕೆ ತಂಪು, ರೈತರ ಜಮೀನೂ ಬೇಕಿಲ್ಲ. ಉಕ್ಕಿನ ಚೌಕಟ್ಟಿನಿಂದಾಗಿ ಖರ್ಚು ಜಾಸ್ತಿ. ಆದರೂ ಮೊದಲು ಚಿಕ್ಕದಾಗಿ ಮಾಡಿ ನೋಡಿದರು.

ಹುಚ್ಚು ಅನ್ನಿಸೋ ಐಡಿಯಾ ಬಂದಾಗ ನಾವು ಮೂರು ಪ್ರಶ್ನೆ ಕೇಳೋಣ. ಗಾಳಿ-ಮಳೆಗೆ ನಿಲ್ಲುತ್ತಾ? ಕೊನೆಗೆ ಉಳಿಯೋದೆಷ್ಟು? ಸಣ್ಣ ಕೆರೆಯಲ್ಲಿ ಪರೀಕ್ಷೆ ಮಾಡಿದ್ರಾ? ಬರೀ ನಕ್ಕು ಸುಮ್ಮನಾದರೆ ನಾಳೆ ಯಾವ ಅಧಿಕಾರಿಯೂ ಹೊಸದನ್ನು ಮುಟ್ಟೋ ಧೈರ್ಯ ಮಾಡಲ್ಲ. ಅವತ್ತು ನಾವು ನಕ್ಕು ಮುಂದಿನ ಬ್ರೇಕಿಂಗ್ ನ್ಯೂಸ್‌ಗೆ ಹೋದ್ವಿ. ವೈಗೈ ನೀರು ಆವಿಯಾಗ್ತಾನೇ ಇತ್ತು.